ಯಾವ ಕಾಲಕ್ಕೆ ಯಾವ ದೆವ್ವ

ನಮ್ಮ ದೊಡ್ಡಮ್ಮನನ್ನು ಕಂಡರೆ ದೆವ್ವಗಳಿಗೆ ಹೆದರಿಕೆಯಾಗುತ್ತದೆ ಎಂದು ನಾನು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. ಹೆದರಿಕೆಯಲ್ಲ, ನಾಚಿಕೆ! ಪಾಪ, ಮುಖಕ್ಕೆ ಸುಣ್ಣ ಬಳಿದುಕೊಂಡು, ಕೂದಲು ಬಿಚ್ಚಿಹಾಕಿ, ಗೆಜ್ಜೆ ಕಟ್ಟಿಕೊಂಡು, ಇಡೀ ಟಾಕೀಸನ್ನು ನಡುಗಿಸಿಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ತೆರೆಯ ಮೇಲೆ ಬಂದ ದೆವ್ವವನ್ನು, ಎದುರಿಗೆ ಕುಳಿತ ಹೆಂಗಸೊಬ್ಬರು ಕನ್ನಡಕ ಮೇಲೇರಿಸಿಕೊಂಡು, "ಇವಳು ಯಾರ ಮನೆಯವಳು? ಇವಳಿಗೆ ಎಂತ ಅನ್ಯಾಯ ಆದದ್ದು?" ಎಂದು ವಿಚಾರಿಸತೊಡಗಿದರೆ ಯಾವ ದೆವ್ವಕ್ಕೆ ತಾನೇ ಮುಜುಗರವಾಗದು?

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಕೇರಳದ ಗಡಿಯೊಳಗೆ, ಉಪ್ಪಳದ ಹತ್ತಿರ ಹೆದ್ದಾರಿಯ ಪಕ್ಕದಲ್ಲೇ ಅವರ ಮನೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಆದ್ದರಿಂದ ಊರಿಗೆಲ್ಲ ಅವರು 'ಟೀಚರ್'. ನಿವೃತ್ತಿಯಾದ ಮೇಲೆ ಬೇರೆ ಟೀಚರುಗಳು ಭಜನೆಗೆ ಹೋಗುತ್ತಾರೆ, ಮಲ್ಲಿಗೆ ಬೆಳೆಸುತ್ತಾರೆ, ಸೊಸೆಯ ಮೇಲೆ ನಿಗಾ ಇಡುತ್ತಾರೆ. ನಮ್ಮ ದೊಡ್ಡಮ್ಮ ದೆವ್ವದ ಸಿನೆಮಾ ನೋಡುತ್ತಾರೆ. ಕನ್ನಡ, ತುಳು, ಮಲಯಾಳ, ತಮಿಳು, ಹಿಂದಿ, ಯಾವುದಾದರೂ ಆದೀತು. ಕೊರಿಯದ ದೆವ್ವವಾದರೂ ಆಕ್ಷೇಪವಿಲ್ಲ. "ಭಾಷೆ ಎಂತಕ್ಕೆ? ಕಿರುಚುವುದು ಎಲ್ಲ ಕಡೆಯೂ ಒಂದೇ ಹಾಗೆ" ಎನ್ನುತ್ತಾರೆ.

ಇದು ಬರಿಯ ಹುಚ್ಚು ಎಂದು ತಿಳಿಯಬೇಡಿ. ಹುಚ್ಚಿಗೊಂದು ಸಿದ್ಧಾಂತವೂ ಉಂಟು. ದೆವ್ವ ಸುಮ್ಮಸುಮ್ಮನೆ ಹುಟ್ಟುವುದಿಲ್ಲ. ಯಾವ ಕಾಲದಲ್ಲಿ ಜನರಿಗೆ ಯಾವುದರ ಹೆದರಿಕೆಯೋ ಆ ಕಾಲದ ಸಿನೆಮಾದಲ್ಲಿ ಅದೇ ದೆವ್ವವಾಗಿ ಬರುತ್ತದೆ ಎಂಬುದು ಅವರ ವಾದ. "ಹಗಲಲ್ಲಿ ನಾಲ್ಕು ಜನರ ಎದುರು ಹೇಳಲಿಕ್ಕೆ ಆಗದ ಹೆದರಿಕೆ ಉಂಟಲ್ಲ, ಅದನ್ನು ಕತ್ತಲೆ ಮಾಡಿದ ಟಾಕೀಸಿನಲ್ಲಿ ಟಿಕೇಟು ಕೊಟ್ಟು ನೋಡುವುದು. ಚರಿತ್ರೆ ಪುಸ್ತಕದಲ್ಲಿ ರಾಜರು ಎಂತ ಮಾಡಿದರು ಅಂತ ಇರ್ತದೆ. ಜನರಿಗೆ ಹೊಟ್ಟೆಯೊಳಗೆ ಎಂತ ಆಗ್ತಿತ್ತು ಅಂತ ಗೊತ್ತಾಗಬೇಕಾದರೆ ದೆವ್ವದ ಸಿನೆಮಾವನ್ನೇ ನೋಡಬೇಕು."

"ಹಾಗಾದರೆ ನಮ್ಮ ದೈವಗಳು?" ಎಂದು ನಾನೊಮ್ಮೆ ಕೇಳಿದ್ದೆ. ದೊಡ್ಡಮ್ಮ ಮನೆಯ ದೈವಕ್ಕೆ ತಪ್ಪದೆ ದೀಪ ಇಡುವವರು. ಕೆನ್ನೆ ಕೆನ್ನೆ ಬಡಿದುಕೊಂಡು, "ಎರಡನ್ನೂ ಒಂದೇ ಚೀಲಕ್ಕೆ ಹಾಕ್ತೀಯಾ? ದೈವ ನ್ಯಾಯ ಹೇಳುವುದು. ದೆವ್ವ ನ್ಯಾಯ ಕೇಳುವುದು" ಎಂದು ನನ್ನ ಬಾಯಿ ಮುಚ್ಚಿಸಿದರು.

ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಒಂದು ಹಳೆಯ ಸಿನೆಮಾದ ಮ್ಯಾಟಿನಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಬಿಳಿ ಸೀರೆಯ ದೆವ್ವ. ಬಾವಿಕಟ್ಟೆಯ ಬಳಿ ಹಾಡು ಹೇಳುತ್ತ ನಡೆದು ಬರುತ್ತಿದೆ. ಟಾಕೀಸಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ನಾನು ಕಾಲು ಮೇಲೆ ಮಡಚಿ ಕುಳಿತಿದ್ದೇನೆ. ಆಗ ನನ್ನ ಪಕ್ಕದಿಂದ ತರಗತಿಯ ಹಿಂದಿನ ಬೆಂಚಿಗೂ ಮುಟ್ಟುವ ಸ್ವರದಲ್ಲಿ ಪಾಠ ಶುರುವಾಯಿತು.

"ನೋಡು, ಬಾವಿಗೆ ಹಾರಿದಳು ಅಂತ ಊರು ಹೇಳ್ತದೆ. ಹಾರಿದಳೋ, ಹಾರುವ ಹಾಗೆ ಮಾಡಿದರೋ ಅಂತ ಊರಿಗೆ ಗೊತ್ತುಂಟು. ಗೊತ್ತಿದ್ದವರಿಗೇ ಹೆದರಿಕೆ! ಗಂಡಸು ದೆವ್ವ ಯಾಕೆ ಕಡಿಮೆ ಹೇಳು? ಅವನಿಗೆ ಬದುಕಿರುವಾಗಲೇ ಎಲ್ಲ ಸಿಕ್ಕಿರ್ತದೆ. ಸತ್ತ ಮೇಲೆ ಎಂತ ಕೇಳಲಿಕ್ಕೆ ಬರುವುದು? ಇವಳನ್ನು ದೂಡಿದ್ದು ಆ ಮಾವನೇ. ಬೇಕಾದರೆ ನೋಡು."

"ಓ ಟೀಚರೇ, ಕಥೆ ಹೇಳಬೇಡಿ ಮಾರಾಯ್ರೆ!" ಎಂದು ಹಿಂದಿನಿಂದ ಯಾರೋ ಕೈಮುಗಿಯುವ ಸ್ವರದಲ್ಲಿ ಕೂಗಿದರು.

ದೂಡಿದ್ದು ಮಾವನೇ ಆಗಿತ್ತು! ಮಧ್ಯಂತರದಲ್ಲಿ ಜನ ಕಡಲೆ ಪೊಟ್ಟಣ ಹಿಡಿದುಕೊಂಡು ದೊಡ್ಡಮ್ಮನ ಸುತ್ತ ನೆರೆದು, ಇನ್ನು ಯಾರು ಸಾಯುತ್ತಾರೆ ಎಂದು ಜಾತಕ ಕೇಳುವವರ ಹಾಗೆ ಕೇಳತೊಡಗಿದರು. ಟಾಕೀಸಿನ ಯಜಮಾನರು ಬಂದು, "ಟೀಚರ್, ದೆವ್ವದ ಸಿನೆಮಾ ಬಂದರೆ ಮೊದಲ ವಾರ ಮಾತ್ರ ದಯಮಾಡಿ ಬರಬೇಡಿ. ಆಮೇಲೆ ಬಂದರೆ ನಿಮಗೆ ಟಿಕೇಟೇ ಬೇಡ" ಎಂದು ಒಪ್ಪಂದ ಮಾಡಿಕೊಂಡರು. ಟಾಕೀಸು ಮುಚ್ಚುವವರೆಗೂ ಎರಡು ಕಡೆಯವರೂ ಅದನ್ನು ಪಾಲಿಸಿದರು.

ಸಿದ್ಧಾಂತ ಟಾಕೀಸಿನೊಳಗೇ ಇದ್ದಿದ್ದರೆ ಚಿಂತೆ ಇರಲಿಲ್ಲ. ಅದು ಶಾಲೆಗೂ ಹೋಯಿತು. ಒಮ್ಮೆ ವಿದ್ಯಾಧಿಕಾರಿಗಳು ತಪಾಸಣೆಗೆ ಬಂದವರು ದೊಡ್ಡಮ್ಮನ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ, "ಭೂಸುಧಾರಣೆಯಿಂದ ಕೇರಳದಲ್ಲಿ ಆದ ಪರಿಣಾಮವೇನು?" ಎಂದು ಕೇಳಿದರು. ಹುಡುಗಿ ಒಂದು ಕ್ಷಣವೂ ತಡಮಾಡದೆ ಹೇಳಿತು: "ದೆವ್ವಗಳೆಲ್ಲ ಬಂಗಲೆಗೆ ಹೋದವು, ಸಾರ್!"

ವಿದ್ಯಾಧಿಕಾರಿಗಳು ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ, "ಕಾರಣ ಹೇಳು" ಎಂದು ಹುಡುಗಿಯನ್ನು ಹುರಿದುಂಬಿಸಿದರು. ಹುಡುಗಿ ಮುಂದುವರಿಸಿತು: "ದೊಡ್ಡ ದೊಡ್ಡ ಮನೆಯವರ ಭೂಮಿ ಹೋಯಿತು ಸಾರ್. ಮನೆ ಮಾತ್ರ ಉಳಿಯಿತು. ಭೂಮಿ ಕಳಕೊಂಡವರಿಗೆ, ಇನ್ನು ಎಂತ ಹೋಗ್ತದೋ ಅಂತ ಹೆದರಿಕೆ. ಭೂಮಿ ಸಿಕ್ಕಿದವರಿಗೆ, ಧಣಿ ವಾಪಸು ಬಂದಾರು ಅಂತ ಹೆದರಿಕೆ. ಇಬ್ಬರೂ ಆ ಮನೆ ಕಡೆ ನೋಡಿ ಹೆದರುವುದು. ಅದಕ್ಕೇ ಸಿನೆಮಾದಲ್ಲಿ ಹಳೇ ಬಂಗಲೆ ಬರುವುದು ಸಾರ್."

ಅಧಿಕಾರಿಗಳು ಪುಸ್ತಕ ತಿರುವಿ ನೋಡಿ, "ಬಂಗಲೆ ಅನ್ನುವ ಶಬ್ದ ಪಠ್ಯಪುಸ್ತಕದಲ್ಲಿ ಇಲ್ಲ" ಎಂದಷ್ಟೇ ಹೇಳಿ ಪಕ್ಕದ ತರಗತಿಗೆ ನಡೆದರಂತೆ. ಹೊರಡುವಾಗ ಮಾತ್ರ ದೊಡ್ಡಮ್ಮನನ್ನು ಬದಿಗೆ ಕರೆದು, "ಟೀಚರ್, ಆ ಹೊಸ ಮಲಯಾಳ ಸಿನೆಮಾ ನೋಡಿದಿರಾ? ಕಡೆಗೆ ಅವಳು ನಿಜವಾದ ದೆವ್ವವಾ, ಅಲ್ಲವಾ?" ಎಂದು ಮೆಲ್ಲಗೆ ಕೇಳಿದರಂತೆ! ಇದು ದೊಡ್ಡಮ್ಮನೇ ಹೇಳಿದ್ದು. ಸ್ವಲ್ಪ ಉಪ್ಪು ಖಾರ ಸೇರಿದ್ದರೆ ನಾನು ಹೊಣೆಯಲ್ಲ.

ಇಷ್ಟೊಂದು ದೆವ್ವಗಳ ಒಡನಾಟವಿರುವ ಹೆಂಗಸಿನ ಗಂಡ ಎಂಥವರಿರಬೇಕು? ನಮ್ಮ ದೊಡ್ಡಪ್ಪನಿಗೆ ದೆವ್ವದ ಹೆಸರು ಕೇಳಿದರೆ ಬೆವರು! ಬಹರೈನಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದ ಗಟ್ಟಿ ಮನುಷ್ಯ. ಊರಿಗೆ ಮೊದಲು ವಿಸಿಆರ್ ತಂದವರು. ತಂದ ದಿನದಿಂದಲೇ ಅದರಲ್ಲಿ ದೆವ್ವಗಳು ಮೆರವಣಿಗೆ ಹೊರಟವು. ದೊಡ್ಡಪ್ಪ ಆವತ್ತಿನಿಂದ ಈವತ್ತಿನವರೆಗೂ, ಊರಲ್ಲಿದ್ದಾಗಲೆಲ್ಲ, ದೊಡ್ಡಮ್ಮನ ಪಕ್ಕದಲ್ಲಿ ಹೆಗಲ ಮೇಲಿನ ಬೈರಾಸು ಟವೆಲನ್ನು ಮುಖಕ್ಕೆ ಹಾಕಿಕೊಂಡು ಕುಳಿತೇ ಎಲ್ಲ ಸಿನೆಮಾಗಳನ್ನೂ 'ನೋಡಿ'ದ್ದಾರೆ. "ಅಷ್ಟು ಹೆದರಿಕೆಯಾದರೆ ಒಳಗೆ ಹೋಗಬಾರದಾ ದೊಡ್ಡಪ್ಪ?" ಎಂದು ಕೇಳಿದರೆ, ಬೈರಾಸಿನ ಒಳಗಿನಿಂದ ಉತ್ತರ ಬರುತ್ತದೆ: "ಒಳಗೆ ಒಬ್ಬನೇ ಕೂತುಕೊಳ್ಳಲಿಕ್ಕೆ ಹೆದರಿಕೆ ಆಗ್ತದೆ ಮಾರಾಯ್ತಿ!"

ದೊಡ್ಡಪ್ಪ ಬಹರೈನಿನಲ್ಲಿದ್ದ ಕಾಲದ ಸಿನೆಮಾಗಳ ಬಗ್ಗೆ ದೊಡ್ಡಮ್ಮನಿಗೆ ವಿಶೇಷ ಅಧಿಕಾರವಿದೆ. ಆಗ ಸಿನೆಮಾದ ದೆವ್ವ ಹಳೆಯ ಬಂಗಲೆ ಬಿಟ್ಟು ಹೊಸ ತಾರಸಿ ಮನೆಗೆ ಬಂದಿತ್ತು. "ಬಾರದೆ ಎಂತ ಮಾಡ್ತದೆ? ನಮ್ಮ ಮಂಗಲ್ಪಾಡಿ ಪಂಚಾಯತಿನಲ್ಲೇ ನೋಡು, ಆಗ ಎಷ್ಟು ಹೊಸ ಮನೆ ಎದ್ದಿತು! ಕಟ್ಟಿಸಿದವ ಅಲ್ಲಿ, ಮಲಗುವವಳು ಇಲ್ಲಿ. ಮಾಳಿಗೆಯಲ್ಲಿ ಖಾಲಿ ಕೋಣೆ. ದೆವ್ವಕ್ಕೆ ಇನ್ನೆಂತ ಬೇಕು, ಬಾಡಿಗೆ ಚೀಟಿಯಾ?" ಎಂದು ನಗುತ್ತಾರೆ. ನಗು ಮುಗಿದ ಮೇಲೆ ಒಂದು ಮಾತು ಸೇರಿಸುತ್ತಾರೆ: "ಮೇಲೆ ಹೆಜ್ಜೆ ಸಪ್ಪಳ ಕೇಳಿದರೆ ದೆವ್ವವೋ ಅಂತ ಹೆದರಿಕೆ. ಕೇಳದಿದ್ದರೆ, ಯಾರೂ ಇಲ್ಲವಲ್ಲ ಅಂತ ಹೆದರಿಕೆ." ಆಗ ಬೈರಾಸಿನ ಒಳಗಿನಿಂದ ಒಂದು ಕೈ ಹೊರಬಂದು ದೊಡ್ಡಮ್ಮನ ಕುರ್ಚಿಯನ್ನು ಹಿಡಿದುಕೊಳ್ಳುತ್ತದೆ.

ಇನ್ನು ನನ್ನ ಮದುವೆಯ ಕಥೆ ಹೇಳದಿದ್ದರೆ ಈ ಪ್ರಬಂಧಕ್ಕೆ ಮೋಸ ಮಾಡಿದ ಹಾಗೆ. ನನ್ನನ್ನು ನೋಡಲು ಬಂದ ಗಂಡುಗಳನ್ನು ಅಪ್ಪ ಕೆಲಸದ ಬಗ್ಗೆ, ಅಮ್ಮ ಮನೆಯ ಬಗ್ಗೆ ವಿಚಾರಿಸಿ ಮುಗಿಸಿದ ಮೇಲೆ ದೊಡ್ಡಮ್ಮ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ನಿಮಗೆ ತುಂಬ ಹೆದರಿಕೆ ಆದ ದೆವ್ವದ ಸಿನೆಮಾ ಯಾವುದು?"

ಮೊದಲು ಬಂದವನು ಮಂಗಳೂರಿನ ಕಡೆಯವನು, ಎದೆಯುಬ್ಬಿಸಿ, "ನನಗೆ ಹೆದರಿಕೆಯೇ ಇಲ್ಲ ಆಂಟಿ" ಎಂದ. ಕಾರಿನ ಹೊಗೆ ಆರುವ ಮೊದಲೇ ದೊಡ್ಡಮ್ಮ ತೀರ್ಪು ಕೊಟ್ಟರು: "ಬೇಡ. ಹೆದರಿಕೆ ಇಲ್ಲದ ಗಂಡಸಿನ ಹತ್ತಿರ ಸಂಸಾರ ಮಾಡುವುದು ಬ್ರೇಕಿಲ್ಲದ ಬಸ್ಸಿನಲ್ಲಿ ಕೂತ ಹಾಗೆ." ಅಪ್ಪ ತಲೆಯ ಮೇಲೆ ಕೈ ಹೊತ್ತರು.

ಆಮೇಲೆ ಬಂದವರು ಪೆರ್ಲದವರು. ಅವರು ಯೋಚಿಸಿ, ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟು, "ಒಂದು ಸಿನೆಮಾದಲ್ಲಿ ಫೋನು ರಿಂಗಾಗ್ತದೆ, ಎತ್ತಿದರೆ ಆ ಕಡೆ ಯಾರೂ ಮಾತಾಡುವುದಿಲ್ಲ. ಅದನ್ನು ನೋಡಿದ ಮೇಲೆ ಒಂದು ತಿಂಗಳು ನನಗೆ ಫೋನು ಕಂಡರೇ ಆಗ್ತಿರಲಿಲ್ಲ" ಎಂದರು. ಅವರ ಅಮ್ಮನ ಮುಖ ಸಣ್ಣದಾಯಿತು. ದೊಡ್ಡಮ್ಮನ ಮುಖ ಮಾತ್ರ ಹುಣ್ಣಿಮೆ! ಒಳಗೆ ಬಂದು ನನ್ನ ಕಿವಿಯಲ್ಲಿ, "ಒಪ್ಪಿಕೋ. ಆಚೆ ಕಡೆಯವರು ಮಾತಾಡದಿದ್ದರೆ ಇವನಿಗೆ ಹೆದರಿಕೆ ಆಗ್ತದಂತೆ. ನೀನು ಸಿಟ್ಟು ಮಾಡಿ ಮಾತು ಬಿಟ್ಟರೆ ಒಂದು ಗಂಟೆ ತಡೆಯಲಿಕ್ಕಿಲ್ಲ" ಎಂದರು. ಆ ಪೆರ್ಲದವರೇ ಈಗ ನನ್ನ ಯಜಮಾನರು. ದೊಡ್ಡಮ್ಮನ ಲೆಕ್ಕಾಚಾರ ತಪ್ಪಿತು. ಒಂದು ಗಂಟೆಯಲ್ಲ, ಅರ್ಧ ಗಂಟೆಯೂ ತಡೆಯುವುದಿಲ್ಲ! ಉಪ್ಪಳದಲ್ಲೇ ಕೆಲಸವಾದ ಮೇಲೆ ದೊಡ್ಡಮ್ಮನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಾವೂ ಮನೆ ಮಾಡಿದೆವು.

ಕೊರೋನ ಬಂದು ಗಡಿ ಮುಚ್ಚಿದ ದಿನಗಳಲ್ಲಿ ದೊಡ್ಡಮ್ಮ ಮೊಬೈಲಿನಲ್ಲಿ ನಡೆದಾಡುವ ಹೆಣಗಳ ಸಿನೆಮಾಗಳಿಗೆ ಇಳಿದರು. ಒಬ್ಬ ಕಚ್ಚಿದರೆ ಇನ್ನೊಬ್ಬ, ಇನ್ನೊಬ್ಬ ಕಚ್ಚಿದರೆ ಇಡೀ ಊರು. "ನೋಡು, ಮೊದಲೆಲ್ಲ ದೆವ್ವ ಅಂದರೆ ಸತ್ತವರು. ಈಗ ದೆವ್ವ ಅಂದರೆ ನೆರೆಮನೆಯವ! ಅವನು ಕೆಮ್ಮಿದರೆ ಸಾಕು" ಎಂದು ವ್ಯಾಖ್ಯಾನ ಮಾಡುತ್ತಿರುವಾಗಲೇ ದೊಡ್ಡಪ್ಪ ಬೈರಾಸಿನೊಳಗೆ ಸೀನಿದರು. ದೊಡ್ಡಮ್ಮ ಕುರ್ಚಿ ಸಮೇತ ಒಂದು ಮಾರು ಹಿಂದೆ ಸರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಿದ್ಧಾಂತ ಬೇರೆ, ಸೀನು ಬೇರೆ!

ಅದೆಲ್ಲ ಮುಗಿದು ಈಗ ನಮ್ಮ ಕಡೆ ಹೆದ್ದಾರಿ ಅಗಲವಾಯಿತು. ಮೊದಲು ಅಲ್ಲಿ ಒಂದು ರಸ್ತೆ ಇತ್ತು. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಲಾರಿಯವನಿಗೆ ಕೈ ತೋರಿಸಿ ದಾಟಿಬಿಡುತ್ತಿದ್ದೆವು. ಈಗ ಆರು ಸಾಲಿನ ರಸ್ತೆ, ಎರಡೂ ಬದಿಗೆ ಗೋಡೆ, ಗೋಡೆಯ ಹೊರಗೆ ಸರ್ವೀಸ್ ರಸ್ತೆ. ಕಾಸರಗೋಡಿಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಟ್ಟಬಹುದು. ಎದುರು ಮನೆಗೆ ಹೋಗಬೇಕಾದರೆ ಮಾತ್ರ ದೂರದ ಅಂಡರ್‌ಪಾಸಿಗೆ ಹೋಗಿ, ಅಡಿಯಲ್ಲಿ ನುಗ್ಗಿ, ಆಚೆ ಬದಿಯಲ್ಲಿ ಅಷ್ಟೇ ದೂರ ವಾಪಸು ಬರಬೇಕು.

ಹೀಗಿರುವಾಗ ಊರಿನ ವಾಟ್ಸಾಪ್ ಗುಂಪಿಗೆ ಒಂದು ವೀಡಿಯೋ ಬಂತು. ಬೆಳಗಿನ ಜಾವದ ಬಸ್ಸಿನ ಕಿಟಕಿಯಿಂದ ಯಾರೋ ತೆಗೆದದ್ದು. ಮಸುಕು ಬೆಳಕಿನಲ್ಲಿ ಹೆದ್ದಾರಿಯ ಗೋಡೆಯ ಬಳಿ ಒಂದು ಬಿಳಿಯ ಆಕೃತಿ. ಕೂದಲು ಬಿಚ್ಚಿಕೊಂಡಿದೆ. ನಿಧಾನಕ್ಕೆ ಕೈ ಎತ್ತುತ್ತದೆ. ಕೈಯಲ್ಲಿ ಬೆಳಕು ಮಿಣುಕ್, ಮಿಣುಕ್! ಅಷ್ಟೇ ಅಲ್ಲ, ಹೆದ್ದಾರಿಯ ಆಚೆ ಬದಿಯಿಂದ ಇನ್ನೊಂದು ಬೆಳಕು ಅದಕ್ಕೆ ಉತ್ತರ ಕೊಡುತ್ತದೆ!

ಊರೆಲ್ಲ ಹೆದರಿತು. ಮಕ್ಕಳು ಬೆಳಗಿನ ಟ್ಯೂಷನ್ನಿಗೆ ಹೋಗುವುದಿಲ್ಲ ಎಂದು ಹಟ ಹಿಡಿದರು (ಅದಕ್ಕೆ ದೆವ್ವದ ಅಗತ್ಯವಿರಲಿಲ್ಲ ಎನ್ನಿ). ಹಾಲು ತರುವವನು ಬಿಸಿಲು ಬಂದ ಮೇಲೆಯೇ ಬರತೊಡಗಿದ. ರಸ್ತೆ ಕೆಲಸದಲ್ಲಿ ಯಾರದೋ ಸಮಾಧಿ ಅಗೆದಿದ್ದಾರಂತೆ, ಅಪಘಾತದಲ್ಲಿ ಹೋದ ಹೆಂಗಸಂತೆ, ಅಂತೆಕಂತೆಗಳು ಸರ್ವೀಸ್ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಓಡಿದವು. ಕೊನೆಗೆ ವಾಚನಾಲಯದಲ್ಲಿ ಸಂಜೆ ಸಭೆ ಕರೆದರು. ವಿಷಯ ತಜ್ಞರಾಗಿ ಯಾರನ್ನು ಕರೆದಿರಬಹುದು?

ದೊಡ್ಡಮ್ಮ ಗಂಜಿ ಹಾಕಿದ ಸೀರೆಯುಟ್ಟು ಬಂದರು. ಸಂಭ್ರಮದಲ್ಲಿ ಕನ್ನಡಕ ಮನೆಯಲ್ಲೇ ಬಿಟ್ಟಿದ್ದರು. ದೊಡ್ಡಪ್ಪನೂ ಬೈರಾಸು ಹೆಗಲಿಗೆ ಹಾಕಿಕೊಂಡು ಹಿಂದೆ ಬಂದರು. ಮನೆಯಲ್ಲಿ ಒಬ್ಬರೇ ಇರಲು ಹೆದರಿಕೆಯಲ್ಲವೇ? ದೊಡ್ಡಮ್ಮ ಆ ವಾಟ್ಸಾಪ್ ಗುಂಪಿನಲ್ಲಿ ಇಲ್ಲದ್ದರಿಂದ ಕಾರ್ಯದರ್ಶಿಯವರು ತಮ್ಮ ಮೊಬೈಲಿನಲ್ಲಿ ವೀಡಿಯೋ ತೋರಿಸಿದರು. ದೊಡ್ಡಮ್ಮ ಕಣ್ಣು ಕಿರಿದು ಮಾಡಿ, ಮತ್ತೆ ಮತ್ತೆ ಹಾಕಿಸಿ ನೋಡಿ, ಎದ್ದು ನಿಂತರು.

"ದೆವ್ವ ಎಲ್ಲಿ ನಿಂತಿದೆ ಅಂತ ಮೊದಲು ನೋಡಿ. ಯಾರ ಮನೆಯೊಳಗೂ ಬಂದಿಲ್ಲ. ಯಾರ ಕುತ್ತಿಗೆಗೂ ಕೈ ಹಾಕಿಲ್ಲ. ಗೋಡೆಗೆ ತಾಗಿ ನಿಂತು ಆಚೆ ಕಡೆ ನೋಡ್ತಾ ಉಂಟು. ಇದಕ್ಕೆ ಆಚೆ ಹೋಗಬೇಕು, ಹೋಗಲಿಕ್ಕೆ ಆಗುವುದಿಲ್ಲ. ಇಷ್ಟೇ ಇದರ ಕಥೆ. ನೀವೇ ಹೇಳಿ, ನಮ್ಮಲ್ಲಿ ಯಾರಿಗೆ ಆಗ್ತದೆ?"

ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನ ಒಬ್ಬರು, ಮಸೀದಿ ಆಚೆ ಕಡೆಗಾಯಿತು, ನಡೆದು ಹೋಗಿ ಬರುವಷ್ಟರಲ್ಲಿ ಕಾಲು ಬೀಳುತ್ತದೆ ಎಂದರು. ಇನ್ನೊಬ್ಬರು, ತಮ್ಮನ ಮನೆಯ ಒಗ್ಗರಣೆಯ ಪರಿಮಳ ಬರುತ್ತದೆ, ಊಟಕ್ಕೆ ಹೋಗಬೇಕಾದರೆ ಆಟೋ ಮಾಡಬೇಕು ಎಂದರು. ಒಬ್ಬ ಹೆಂಗಸು, ಮೊನ್ನೆ ಮಗು ಗೋಡೆ ಹತ್ತಿ ದಾಟಲು ನೋಡಿತು, ಈಗ ಗೇಟಿಗೆ ಬೀಗ ಹಾಕಿಯೇ ಇಡುತ್ತೇನೆ ಎಂದಳು. ದೆವ್ವದ ಮಾತು ಎಲ್ಲಿಯೋ ಹೋಗಿ ಎಲ್ಲರೂ ದಾಟುವುದರ ಮಾತನ್ನೇ ಆಡತೊಡಗಿದರು.

"ಕಂಡಿತಾ?" ಎಂದರು ದೊಡ್ಡಮ್ಮ ವಿಜಯದ ಸ್ವರದಲ್ಲಿ. "ಇದು ದಾಟಲಿಕ್ಕೆ ಆಗದವರ ದೆವ್ವ! ಆದರೆ ನನ್ನ ದುರದೃಷ್ಟ ನೋಡಿ. ದಿನಾ ಬೆಳಿಗ್ಗೆ ಟಾರ್ಚು ಹಿಡಕೊಂಡು ನಾನು ಅದೇ ಜಾಗದಲ್ಲಿ ನಿಲ್ಲುವುದು. ನನಗೆ ಒಂದು ಸಲವೂ ಕಾಣಲಿಲ್ಲ!"

ಎಲ್ಲರೂ ಒಮ್ಮೆಗೇ ದೊಡ್ಡಮ್ಮನ ಕಡೆ ತಿರುಗಿದರು. ಕಾರ್ಯದರ್ಶಿಯವರ ಮೊಬೈಲನ್ನು ಇಸಿದುಕೊಂಡು, ಜೀವಮಾನದಲ್ಲಿ ಮೊದಲ ಸಲ ಬೈರಾಸಿನ ಸಹಾಯವಿಲ್ಲದೆ ದೆವ್ವವನ್ನು ದಿಟ್ಟಿಸಿ ನೋಡಿದವರು ನಮ್ಮ ದೊಡ್ಡಪ್ಪ.

"ಇದು ನೀನೇ ಮಾರಾಯ್ತಿ! ನಿನ್ನ ಬಿಳಿ ನೈಟಿ! ಶಾಲೆಯಲ್ಲಿ ಅಸೆಂಬ್ಲಿಗೆ ನಿಂತ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೀಯಲ್ಲ!"

ದೊಡ್ಡಮ್ಮ ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಅವಮಾನದಿಂದ ಕುಸಿಯುತ್ತಾರೋ, ಸಿದ್ಧಾಂತ ಮುರಿಯಿತೆಂದು ಅಳುತ್ತಾರೋ? ದೊಡ್ಡಮ್ಮ ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: "ನಾನು ಇಷ್ಟು ದಪ್ಪವಾ?"

ವಾಚನಾಲಯದ ಹಂಚು ಹಾರಿಹೋಗುವಷ್ಟು ನಗು! ಎಷ್ಟೋ ದಿನಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಹೆದರಿಕೆಯೆಲ್ಲ ಆ ನಗುವಿನಲ್ಲಿ ಬಿಚ್ಚಿಹೋಯಿತು. ಮರುದಿನದಿಂದ ಹಾಲು ಸಮಯಕ್ಕೆ ಬಂತು. ಮಕ್ಕಳು ಗೊಣಗುತ್ತ ಟ್ಯೂಷನ್ನಿಗೆ ಹೋದರು. ದೊಡ್ಡಮ್ಮ ಪೇಟೆಗೆ ಹೊರಟರೆ ಜನ ನಿಲ್ಲಿಸಿ ಸೆಲ್ಫಿ ತೆಗೆದುಕೊಂಡರು. ದಾಟಲು ಒಂದು ಮೇಲ್ಸೇತುವೆ ಬೇಕೆಂದು ಕ್ರಿಯಾ ಸಮಿತಿಯೂ ಆಯಿತು. ದೊಡ್ಡಮ್ಮನೇ ಅಧ್ಯಕ್ಷೆ. ಪಂಚಾಯತಿನವರ ಎದುರು ಮಾತಾಡಲು ಎದ್ದು, "ನಾನು ಹೆದ್ದಾರಿಯ ದೆವ್ವ" ಎಂದು ತಮ್ಮ ಪರಿಚಯ ಹೇಳಿಕೊಂಡರಂತೆ!

ಆದರೆ ಬೆಳಗಿನ ಜಾವಕ್ಕೆ ಟಾರ್ಚು ಹಿಡಿದು ಅಲ್ಲೇಕೆ ನಿಲ್ಲುವುದು? ಅದನ್ನು ಆ ಸಂಜೆ ಮನೆಗೆ ನಡೆಯುವಾಗ ಕೇಳಿ ತಿಳಿದುಕೊಂಡೆ. ಹೆದ್ದಾರಿಯ ಆಚೆ, ಸರಿಯಾಗಿ ದೊಡ್ಡಮ್ಮನ ಮನೆಗೆ ಎದುರಾಗಿ ಇರುವುದು ಬೀಫಾತುಮ್ಮನ ಮನೆ. ದೊಡ್ಡಮ್ಮ ಮದುವೆಯಾಗಿ ಈ ಮನೆಗೆ ಬಂದ ಕಾಲದಿಂದಲೂ ಗೆಳತಿಯರು. ಬೀಫಾತುಮ್ಮನಿಗೆ ಟಾಕೀಸಿಗೆ ಹೋಗುವ ರೂಢಿಯಿಲ್ಲ. ದೊಡ್ಡಮ್ಮ ಸಿನೆಮಾ ನೋಡಿ ಬಂದ ಮರುದಿನ ರಸ್ತೆ ದಾಟಿ ಹೋಗಿ ಅವರ ಜಗಲಿಯಲ್ಲಿ ಕುಳಿತು ಪೂರ್ತಿ ಕಥೆ ಹೇಳುವುದು, ಅವರು ಚಹಾ ಕೊಟ್ಟು ಕೇಳುವುದು. ಒಂದು ಸಿನೆಮಾವನ್ನೂ ನೋಡದೆ ಎಲ್ಲ ದೆವ್ವಗಳನ್ನೂ ಬಲ್ಲ ಹೆಂಗಸು ಅವರು!

ಈಗ ಬೀಫಾತುಮ್ಮನಿಗೆ ಮೊಣಕಾಲು ನೋವು, ಅಂಡರ್‌ಪಾಸಿನವರೆಗೆ ನಡೆಯುವ ಮಾತೇ ಇಲ್ಲ. ಕಿವಿಯೂ ಹೋಗಿದೆ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, ಪಾತ್ರೆಗಳೆಲ್ಲ ಬೊಬ್ಬೆ ಹಾಕುತ್ತವೆ ಎಂದು ಕಪಾಟಿನಲ್ಲಿಟ್ಟಿದ್ದಾರೆ. "ಫೋನು ಮಾಡಿದರೆ ಅವಳಿಗೆ ಕೇಳುವುದಿಲ್ಲ, ಕರೆದರೆ ಲಾರಿಗಳು ಬಿಡುವುದಿಲ್ಲ. ಅದಕ್ಕೆ ಬೆಳಿಗ್ಗೆ ಅವಳ ನಮಾಜು ಆದ ಮೇಲೆ ಜಗಲಿಯ ಬಲ್ಬು ಆರಿಸಿ ಹೊತ್ತಿಸ್ತಾಳೆ. ನಾನು ಟಾರ್ಚು ತೋರಿಸ್ತೇನೆ. ನಾನು ಎದ್ದೆ, ನೀನೂ ಎದ್ದೆಯಾ ಅಂತ. ಅಷ್ಟೇ" ಎಂದರು ದೊಡ್ಡಮ್ಮ. ತಿಂಗಳಿಗೊಮ್ಮೆ ಆಟೋ ಮಾಡಿಕೊಂಡು ಹೋಗಿ, ನೋಡಿದ ಸಿನೆಮಾಗಳನ್ನೆಲ್ಲ ಕೈಬಾಯಿ ಸನ್ನೆಯಲ್ಲಿ ಆಡಿ ತೋರಿಸಿ ಬರುತ್ತಾರಂತೆ.

ಇದಾಗಿ ಕೆಲವು ವಾರ ಕಳೆದಿರಬಹುದು. ಒಂದು ಬೆಳಿಗ್ಗೆ, ಸರಿಯಾಗಿ ಬೆಳಕು ಹರಿಯುವ ಮೊದಲು, ನಮ್ಮ ಬಾಗಿಲು ದಬದಬ ಬಡಿಯಿತು. ನನ್ನ ಯಜಮಾನರು ಹೋಗಿ ತೆರೆದವರು "ಅಯ್ಯಯ್ಯೋ!" ಎಂದು ಕಿರುಚಿ ಎರಡು ಹೆಜ್ಜೆ ಹಿಂದೆ ಹಾರಿದರು. ಹೊಸ್ತಿಲ ಆಚೆ ಬಿಳಿ ನೈಟಿ, ಬಿಚ್ಚಿದ ಕೂದಲು, ಕೈಯಲ್ಲಿ ಟಾರ್ಚು. ನನಗೆ ನಗು ಬಂತು. ಮುಖ ನೋಡಿದ ಮೇಲೆ ನಗು ನಿಂತಿತು. ಅಷ್ಟು ವರ್ಷಗಳಲ್ಲಿ ದೊಡ್ಡಮ್ಮನ ಮುಖ ಹಾಗಿದ್ದುದನ್ನು ನಾನು ನೋಡಿರಲಿಲ್ಲ.

"ಲೈಟು ಹೊತ್ತಲಿಲ್ಲ" ಎಂದರು. "ನಾನು ಎಷ್ಟು ಹೊತ್ತು ನಿಂತೆ. ಹೊತ್ತಲೇ ಇಲ್ಲ."

"ಕರೆಂಟು ಹೋಗಿರಬೇಕು, ದೊಡ್ಡಮ್ಮ."

"ಪಕ್ಕದ ಮನೆಯಲ್ಲಿ ಉಂಟು."

"ಮಲಗಿರಬಹುದು."

"ಅವಳು ನಮಾಜು ತಪ್ಪಿಸುವವಳಲ್ಲ." ಎಂದವರೇ ಹೋಗಿ ನಮ್ಮ ಕಾರಿನಲ್ಲಿ ಕುಳಿತರು.

ಬೀಫಾತುಮ್ಮನ ಜೊತೆಗಿರುವ ಸೊಸೆಯ ನಂಬರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಯಜಮಾನರು ಕಾರು ಬಿಟ್ಟರು. ಎದುರಿಗೇ ಕಾಣುವ ಮನೆಯನ್ನು ಬೆನ್ನಿಗೆ ಹಾಕಿ ವಿರುದ್ಧ ದಿಕ್ಕಿಗೆ ಓಡಬೇಕು! ಗೋಡೆ ಮುಗಿಯುವುದೇ ಇಲ್ಲ ಎನಿಸಿತು. ದೊಡ್ಡಮ್ಮ ಟಾರ್ಚು ಆರಿಸುವುದನ್ನೂ ಮರೆತಿದ್ದರು. ಅದರ ಬೆಳಕು ಅವರ ಬರಿಗಾಲಿನ ಮೇಲೆ ಬೀಳುತ್ತಿತ್ತು.

ಅಂಡರ್‌ಪಾಸು ನುಗ್ಗಿ, ಆಚೆ ಬದಿಯಲ್ಲಿ ಬಂದು, ಬೀಫಾತುಮ್ಮನ ಗೇಟಿನ ಎದುರು ಕಾರು ನಿಂತಿತು. ಕಾರು ಪೂರ್ತಿ ನಿಲ್ಲುವ ಮೊದಲೇ ದೊಡ್ಡಮ್ಮ ಇಳಿದಾಗಿತ್ತು.

ಜಗಲಿಯ ಮೆಟ್ಟಿಲ ಮೇಲೆ, ತಲೆಗೆ ಬಿಳಿ ಶಾಲು ಸುತ್ತಿಕೊಂಡು, ಕಾಲು ನೀಡಿ ಬೀಫಾತುಮ್ಮ ಕುಳಿತಿದ್ದರು. ಕೈಯಲ್ಲಿ ಹಬೆಯಾಡುವ ಚಹಾದ ಲೋಟ. ನಮ್ಮನ್ನು ನೋಡಿ ಮುಖವರಳಿಸಿ, ಮೇಲೆ ತೂಗುವ ಬಲ್ಬಿನ ಕಡೆ ಬೆರಳು ತೋರಿಸಿ, ಕೈ ಆಡಿಸಿದರು. ಬಲ್ಬು ಹೋಗಿದೆ! ನಾನು ಅಲ್ಲೇ ಗೇಟಿಗೆ ಒರಗಿ ನಿಂತೆ. ಯಜಮಾನರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ದೊಡ್ಡಮ್ಮ ಮಾತ್ರ ಸುಮ್ಮನಿರಲಿಲ್ಲ. ಶುರುವಾಯಿತು ನೋಡಿ ಬೈಗುಳ! ಬ್ಯಾರಿ ಭಾಷೆ, ತುಳು, ಕನ್ನಡ ಎಲ್ಲ ಸೇರಿಸಿ ಬಯ್ದರು. ಬಲ್ಬಿನ ಕಡೆ ಕೈ ತೋರಿಸಿದರು. ಎದೆ ಬಡಿದುಕೊಂಡರು. ಕತ್ತಲೆಯಲ್ಲಿ ಗೋಡೆಯ ಬಳಿ ಹೇಗೆ ನಿಂತಿದ್ದೆ, ಹೇಗೆ ಓಡಿದೆ ಎಂದು ಮೆಟ್ಟಿಲ ಮುಂದೆಯೇ ಓಡಿ ತೋರಿಸಿದರು. ನೀನು ಬಿದ್ದಿದ್ದೀ ಎಂದುಕೊಂಡೆ, ಸತ್ತಿದ್ದೀ ಎಂದುಕೊಂಡೆ ಎಂದು ಕಣ್ಣು ಮೇಲೆ ಮಾಡಿ, ಕತ್ತು ವಾಲಿಸಿ ತೋರಿಸಿದರು. ಹೇಳುತ್ತ ಹೇಳುತ್ತ ಸ್ವರ ಒಡೆದು, ಬಿಚ್ಚಿದ ಕೂದಲ ನಡುವೆ ಮುಖವಿಡೀ ಕಣ್ಣೀರಾಯಿತು.

ಬೀಫಾತುಮ್ಮನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಅವರು ಲೋಟ ಕೆಳಗಿಟ್ಟು, ಕಾಲು ಮೇಲೆಳೆದುಕೊಂಡು, ಗಲ್ಲಕ್ಕೆ ಕೈಯಾನಿಸಿ ತನ್ಮಯರಾಗಿ ನೋಡುತ್ತಿದ್ದರು. ಮಧ್ಯೆ ಮಧ್ಯೆ "ಯಾ ಅಲ್ಲಾಹ್" ಎಂದು ನಿಟ್ಟುಸಿರು ಬಿಡುತ್ತಿದ್ದರು. ದೊಡ್ಡಮ್ಮ ದಣಿದು ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಸಿದು ಕುಳಿತಾಗ, ಮೆಲ್ಲಗೆ ತಮ್ಮ ಶಾಲಿನ ತುದಿಯಿಂದ ಅವರ ಮುಖ ಒರೆಸಿದರು. ಮತ್ತೆ ಕುತೂಹಲ ತಡೆಯಲಾರದೆ ಕೇಳಿದರು:

"ಒಳ್ಳೆ ಹೆದರಿಕೆಯ ಸಿನೆಮಾ ಟೀಚ್ಚರೇ! ಕಡೆಗೆ ಆ ದೆವ್ವ ಎಂತ ಮಾಡಿತು?"

ದೊಡ್ಡಮ್ಮ ಎಡಗೈಯಲ್ಲಿ ಗೆಳತಿಯ ಕೈಯನ್ನು ಹಿಡಿದುಕೊಂಡು, ಬಲಗೈಯಲ್ಲಿ ಅವರ ಲೋಟವನ್ನು ಎತ್ತಿದರು.

"ಎಂತ ಮಾಡುವುದು? ಚಾ ಕುಡಿಯಿತು."